ಸ್ಕಾಟ್ಲೆಂಡ್‌ನಿಂದ ಕೆನಡಾಕ್ಕೆ ಬಂದ ಹಿರಿಯರನ್ನು ಹುಡುಕುವುದು ಹೇಗೆ: ಮೊದಲು ಊರು, ಆಮೇಲೆ ಉಳಿದದ್ದು

ನಿಮ್ಮ ಮಗಳು ಟೊರೊಂಟೊದಲ್ಲಿ ಮದುವೆಯಾಗಿ ಮೆಕ್‌ಲಿಯೋಡ್ ಎಂಬ ಮನೆತನದವರು ನಿಮಗೆ ಬೀಗರಾಗಿದ್ದಾರೆ ಅಂದುಕೊಳ್ಳಿ. ಮೊಮ್ಮಗು ಶಾಲೆಗೆ ವಂಶವೃಕ್ಷ ಬರೆಯಬೇಕು. ತಾಯಿಯ ಕಡೆ ಹಾಸನ, ಹೊಳೆನರಸೀಪುರ ಅಂತೆಲ್ಲ ಬರೆದಾಯ್ತು. ತಂದೆಯ ಕಡೆ ಸುಮ್ನೆ "ಸ್ಕಾಟ್ಲೆಂಡ್" ಅಂತ ಒಂದೇ ಪದ. 2021ರ ಕೆನಡಾ ಜನಗಣತಿಯಲ್ಲಿ ಸುಮಾರು 44 ಲಕ್ಷ ಜನ ತಮ್ಮ ಮೂಲ ಸ್ಕಾಟ್ಲೆಂಡ್ ಎಂದು ಹೇಳಿಕೊಂಡಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಅದಕ್ಕಿಂತ ಜಾಸ್ತಿ ಗೊತ್ತಿರೋದಿಲ್ಲ. ಈ ಬರಹ ಅವರಿಗೆ, ಅವರಿಗೆ ಸಹಾಯ ಮಾಡೋ ನಿಮಗೆ.

ಹೊಸದಾಗಿ ಶುರು ಮಾಡುವವರಲ್ಲಿ ಹೆಚ್ಚಿನವರು ನೇರವಾಗಿ ಸ್ಕಾಟ್ಲೆಂಡ್‌ನ ದಾಖಲೆ ತಾಣಕ್ಕೆ ಹೋಗಿ "ಜಾನ್ ಮೆಕ್‌ಡೊನಾಲ್ಡ್" ಎಂದು ಟೈಪ್ ಮಾಡುತ್ತಾರೆ. ಸಾಲು ಮುಗಿಯೋದೇ ಇಲ್ಲ. ಅದರಲ್ಲಿ ವಯಸ್ಸು ಹತ್ತಿರ ಇರುವ ಒಬ್ಬನನ್ನು ಆರಿಸಿ, ಇವನೇ ನಮ್ಮವನು ಎಂದು ಮರಕ್ಕೆ ಅಂಟಿಸಿಬಿಡುತ್ತಾರೆ. ಇಂಟರ್‌ನೆಟ್‌ನಲ್ಲಿ ಓಡಾಡುವ ವಂಶವೃಕ್ಷಗಳಲ್ಲಿ ಹೀಗೆ ಅಂಟಿಸಿದ ಅಜ್ಜಂದಿರು ಬೇಕಾದಷ್ಟು ಸಿಗುತ್ತಾರೆ.

ಸ್ಕಾಟ್ಲೆಂಡ್‌ನ ಹಳೆಯ ದಾಖಲೆಗಳೆಲ್ಲ ಪ್ಯಾರಿಷ್ ಲೆಕ್ಕದಲ್ಲಿವೆ. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಹಳ್ಳಿಗಳ ಗುಂಪು. ಅಂಥವು ದೇಶದಲ್ಲಿ ಸುಮಾರು 900 ಇದ್ದವು. ನಿಮ್ಮವರು ಯಾವ ಪ್ಯಾರಿಷ್‌ನವರು ಅಂತ ಗೊತ್ತಾಗುವ ತನಕ ಸ್ಕಾಟ್ಲೆಂಡ್ ಕಡೆ ತಲೆ ಹಾಕಬೇಡಿ. ಆ ಹೆಸರು ಸಿಗುವುದು ಹೆಚ್ಚಾಗಿ ಕೆನಡಾದಲ್ಲೇ. ಹಾಗಾಗಿ ಮುಕ್ಕಾಲು ಪಾಲು ಕೆಲಸ ಕೆನಡಾದ್ದು.

ಮನೆಯಲ್ಲಿ ಏನಿದೆ ನೋಡಿ

ಬದುಕಿರುವ ಅತಿ ಹಿರಿಯರಿಂದ ಶುರು ಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ನಡುವೆ ಯಾರನ್ನೂ ಹಾರಿಸಬೇಡಿ. ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹುಟ್ಟು ಸಾವು ಬರೆದಿಡುವ ರೂಢಿ ಇತ್ತು. ಹಳೆಯ ಫೋಟೋ ಇದ್ದರೆ ಹಿಂದೆ ತಿರುಗಿಸಿ, ಸ್ಟುಡಿಯೋದ ಹೆಸರು, ಊರು ಅಚ್ಚಾಗಿರುತ್ತದೆ. ಜಮೀನಿನ, ಹಳೇ ಮನೆಯ ಹೆಸರು ಕೇಳಿ. ಬಂದವರು ತಾವು ಬಿಟ್ಟು ಬಂದ ಊರಿನ ಹೆಸರನ್ನೇ ಹೊಸ ಜಾಗಕ್ಕೂ ಇಡುತ್ತಿದ್ದರು. "ಒಬ್ಬನೇ ಹುಡುಗ ಹಡಗು ಹತ್ತಿ ಬಂದ" ಅಂತ ಮನೆಯವರು ಹೇಳುವ ಕಥೆಯನ್ನು ಬರೆದುಕೊಳ್ಳಿ, ಆದರೆ ನಂಬಬೇಡಿ. ಹೆಚ್ಚಿನವರು ಅಣ್ಣತಮ್ಮ, ಚಿಕ್ಕಪ್ಪ, ಅಕ್ಕಪಕ್ಕದವರ ಜೊತೆಗೇ ಬಂದವರು.

ಕೆನಡಾದ ಜನಗಣತಿ

ಇದು ಬೆನ್ನೆಲುಬು. ಒಟ್ಟಾವಾದಲ್ಲಿರುವ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ತಾಣದಲ್ಲಿ ದುಡ್ಡು ಕೊಡದೆ ನೋಡಬಹುದು. 1851ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. 1851ರದ್ದನ್ನು ನಿಜವಾಗಿ ತೆಗೆದದ್ದು 1852ರ ಜನವರಿಯಲ್ಲಿ, ವಯಸ್ಸಿನ ಲೆಕ್ಕ ಹಾಕುವಾಗ ನೆನಪಿರಲಿ. ಪಶ್ಚಿಮದ ಹುಲ್ಲುಗಾವಲು ಪ್ರಾಂತ್ಯಗಳಿಗೆ 1906, 1916, 1926ರದ್ದೂ ಇದೆ. ಕೆನಡಾದಲ್ಲಿ ಜನಗಣತಿಯ ಹಾಳೆಗಳನ್ನು 92 ವರ್ಷ ಮುಚ್ಚಿಡುತ್ತಾರೆ. ಹಾಗಾಗಿ 1931ರದ್ದು 2023ರ ಜೂನ್ 1ಕ್ಕೆ ತೆರೆಯಿತು.

1901ರದ್ದನ್ನು ಮೊದಲು ಹಿಡಿಯಿರಿ. ಅದರಲ್ಲಿ ಹುಟ್ಟಿದ ದಿನ, ಕೆನಡಾಕ್ಕೆ ಬಂದ ವರ್ಷ ಎರಡೂ ಇವೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಿ. ಬಂದ ವರ್ಷ ಒಂದೊಂದು ಜನಗಣತಿಯಲ್ಲಿ ಒಂದೊಂದು ಥರ ಇರುತ್ತದೆ, ಗಾಬರಿ ಬೇಡ. ಮಕ್ಕಳ ಹುಟ್ಟೂರು ಅದಕ್ಕಿಂತ ಗಟ್ಟಿ ಸುಳಿವು. ಮೂರನೇ ಮಗು ಸ್ಕಾಟ್ಲೆಂಡ್‌ನಲ್ಲಿ, ನಾಲ್ಕನೇದು ಒಂಟಾರಿಯೋದಲ್ಲಿ ಹುಟ್ಟಿದ್ದರೆ ಪ್ರಯಾಣ ಆ ನಡುವೆ ಆಗಿದೆ, ಅಷ್ಟೇ.

ಧರ್ಮದ ಕಾಲಂ ಅನ್ನು ಜನ ಓದದೇ ಬಿಡುತ್ತಾರೆ, ಆದರೆ ಇಡೀ ಹಾಳೆಯಲ್ಲಿ ಊರಿನ ಸುಳಿವು ಜಾಸ್ತಿ ಇರೋದು ಅಲ್ಲೇ. ಸ್ಕಾಟ್ಲೆಂಡ್ ಹೆಚ್ಚಾಗಿ ಪ್ರೆಸ್ಬಿಟೇರಿಯನ್ನರ, ಅಂದರೆ ಒಂದು ಪ್ರೊಟೆಸ್ಟೆಂಟ್ ಪಂಗಡದವರ ದೇಶ. ನಿಮ್ಮವರು ಗೇಲಿಕ್ (ಸ್ಕಾಟ್ಲೆಂಡ್‌ನ ಹಳೆಯ ಭಾಷೆ) ಮಾತಾಡುವ ಕ್ಯಾಥೊಲಿಕ್ಕರಾಗಿದ್ದರೆ ಹುಡುಕುವ ಜಾಗ ಒಮ್ಮೆಲೇ ಚಿಕ್ಕದಾಗುತ್ತದೆ: ಬಾರಾ, ಸೌತ್ ಯುಯಿಸ್ಟ್, ಮೊಯ್ಡಾರ್ಟ್, ಅರಿಸೇಗ್, ನಾಯ್ಡಾರ್ಟ್, ಸ್ಟ್ರಾಥ್‌ಗ್ಲಾಸ್, ಹೀಗೆ ಪಶ್ಚಿಮ ಹೈಲ್ಯಾಂಡ್ಸ್‌ನ, ಅಂದರೆ ಸ್ಕಾಟ್ಲೆಂಡ್‌ನ ಉತ್ತರದ ಗುಡ್ಡಗಾಡಿನ ಪಶ್ಚಿಮ ಭಾಗದ, ಕೆಲವೇ ಕಣಿವೆ, ದ್ವೀಪಗಳು.

ಅದೇ ಹಾಳೆಯ ಮೇಲಿನ, ಕೆಳಗಿನ ಮನೆಗಳನ್ನೂ ಬರೆದಿಟ್ಟುಕೊಳ್ಳಿ. ಒಂದೇ ಊರಿನವರು ಅಕ್ಕಪಕ್ಕ ಜಮೀನು ಹಿಡಿಯುತ್ತಿದ್ದರು. ನಿಮ್ಮ ಮುತ್ತಜ್ಜನ ಊರು ಎಲ್ಲೂ ಸಿಗದಿದ್ದಾಗ ಪಕ್ಕದ ಜಮೀನಿನವನ ಊರು ಸಿಕ್ಕಿ ಕೆಲಸ ಆಗಬಹುದು.

ಊರಿನ ಹೆಸರು ಅಡಗಿರುವ ಜಾಗಗಳು

ಜನಗಣತಿ "ಸ್ಕಾಟ್ಲೆಂಡ್" ಎಂದಷ್ಟೇ ಹೇಳಿ ನಿಲ್ಲುತ್ತದೆ. ಊರಿಗಾಗಿ ಬೇರೆ ಕಡೆ ಹೋಗಬೇಕು.

ಸಮಾಧಿ ಕಲ್ಲಿನಿಂದ ಶುರು ಮಾಡಿ. ಸ್ಕಾಟ್ಲೆಂಡ್‌ನಿಂದ ಬಂದವರ ಕಲ್ಲಿನ ಮೇಲೆ "ಇಂಥ ಜಿಲ್ಲೆಯ ಇಂಥ ಪ್ಯಾರಿಷ್‌ನಲ್ಲಿ ಹುಟ್ಟಿದವನು" ಎಂದು ಕೆತ್ತಿಸುವ ಚಾಳಿ ಒಳ್ಳೆಯದೇ ಇತ್ತು. ಫೈಂಡ್ ಎ ಗ್ರೇವ್, ಕೆನೆಡಿಯನ್ ಹೆಡ್‌ಸ್ಟೋನ್ಸ್ ತಾಣಗಳಲ್ಲಿ ಫೋಟೋ ಹುಡುಕಿ. ಸಿಕ್ಕರೆ ಯಾರೋ ಟೈಪ್ ಮಾಡಿದ್ದನ್ನು ಬಿಟ್ಟು ಫೋಟೋವನ್ನೇ ಓದಿ. ಹೆಂಡತಿಯ, ಅಣ್ಣತಮ್ಮಂದಿರ ಕಲ್ಲುಗಳನ್ನೂ ಬಿಡಬೇಡಿ. ಊರಿನ ಪತ್ರಿಕೆಯ ನಿಧನ ವಾರ್ತೆಯೂ ಹೀಗೇ. 1880ರ ನಂತರ "ಈ ಭಾಗದ ಮೊದಲ ವಸತಿಗಾರರಲ್ಲೊಬ್ಬರು" ಎಂದು ಉದ್ದುದ್ದ ಬರೆಯುತ್ತಿದ್ದರು, ಹುಟ್ಟೂರಿನ ಸಮೇತ.

ಹುಟ್ಟು, ಮದುವೆ, ಸಾವಿನ ಸರಕಾರಿ ನೋಂದಣಿ ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ಥರ. ಒಂಟಾರಿಯೋದಲ್ಲಿ 1869ರ ಜುಲೈ 1ರಿಂದ. ನೋವಾ ಸ್ಕೋಷಿಯಾದಲ್ಲಿ ಹುಟ್ಟು ಸಾವು 1864ರಿಂದ 1877ರ ತನಕ ಇದ್ದು, ನಿಂತು, 1908ರಲ್ಲಿ ಮತ್ತೆ ಶುರುವಾಯಿತು. ಅಲ್ಲಿನ ಪ್ರಾಂತೀಯ ಆರ್ಕೈವ್ಸ್ ತಾಣದಲ್ಲಿ ಇವನ್ನೆಲ್ಲ ಪುಕ್ಕಟೆ ನೋಡಬಹುದು. ಕ್ವಿಬೆಕ್‌ನಲ್ಲಿ ಚರ್ಚಿನ ರಿಜಿಸ್ಟರೇ ಸರಕಾರಿ ದಾಖಲೆಯೂ ಆಗಿತ್ತು, ಪ್ರೊಟೆಸ್ಟೆಂಟ್ ಚರ್ಚುಗಳದ್ದೂ ಸೇರಿ. ಮದುವೆ ದಾಖಲೆಗೆ ಮೊದಲ ಪ್ರಾಶಸ್ತ್ಯ ಕೊಡಿ. ಒಂಟಾರಿಯೋದ ಮದುವೆ ನೋಂದಣಿಯಲ್ಲಿ ಇಬ್ಬರ ತಂದೆ ತಾಯಿಯ ಹೆಸರು, ಹುಟ್ಟಿದ ಜಾಗ ಬರುತ್ತದೆ. ಅಲ್ಲಿನ ಹಳೆಯ ಸಾವಿನ ನೋಂದಣಿಯಲ್ಲಿ ತಂದೆ ತಾಯಿಯ ಹೆಸರೇ ಇರುವುದಿಲ್ಲ.

ಮೊದಲ ಮಹಾಯುದ್ಧದ ಸೈನಿಕರ ಕಡತ ಇನ್ನೊಂದು ನಿಧಿ. ಕೆನಡಾ ಪರವಾಗಿ ಹೋದ 6 ಲಕ್ಷಕ್ಕೂ ಹೆಚ್ಚು ಜನರ ಕಡತಗಳನ್ನು ಲೈಬ್ರರಿ ಅಂಡ್ ಆರ್ಕೈವ್ಸ್ ಸ್ಕ್ಯಾನ್ ಮಾಡಿ ಹಾಕಿದೆ. ಸೇರುವಾಗಿನ ಫಾರ್ಮಿನಲ್ಲಿ ಹುಟ್ಟಿದ ಊರು, ದಿನ, ಹತ್ತಿರದ ಸಂಬಂಧಿಯ ಹೆಸರು ವಿಳಾಸ ಇರುತ್ತದೆ. 1900ರ ನಂತರ ಬಂದ ಹುಡುಗನಾಗಿದ್ದರೆ ಆ ವಿಳಾಸ ಹಲವು ಸಲ ಸ್ಕಾಟ್ಲೆಂಡ್‌ನಲ್ಲಿರುವ ಅವನ ತಾಯಿಯದ್ದೇ.

ಜಮೀನಿನ ಕಾಗದವನ್ನೂ ನೋಡಿ. ಈಗಿನ ಒಂಟಾರಿಯೋಗೆ ಹಿಂದೆ ಅಪ್ಪರ್ ಕೆನಡಾ ಎಂಬ ಹೆಸರು. ಜಮೀನು ಬೇಕಾದವರು ಗವರ್ನರ್‌ಗೆ ಅರ್ಜಿ ಹಾಕುತ್ತಿದ್ದರು, ನಾನು ಯಾರು, ಎಲ್ಲಿಂದ ಬಂದೆ, ಯಾವ ಪಡೆಯಲ್ಲಿದ್ದೆ ಎಂದು. ಆ ಅರ್ಜಿಗಳೂ ಆನ್‌ಲೈನ್ ಇವೆ. ಪಶ್ಚಿಮದಲ್ಲಿ 1872ರ ಡೊಮಿನಿಯನ್ ಜಮೀನು ಕಾನೂನಿನ ಪ್ರಕಾರ 10 ಡಾಲರ್ ಕಟ್ಟಿದರೆ 160 ಎಕರೆ. ಆ ಹೋಮ್‌ಸ್ಟೆಡ್ ಕಡತಗಳು ಸಸ್ಕಾಚೆವಾನ್, ಆಲ್ಬರ್ಟಾ ಆರ್ಕೈವ್ಸ್‌ಗಳಲ್ಲಿವೆ.

ಮುತ್ತಜ್ಜ ಬ್ರಿಟಿಷ್ ಸೈನ್ಯದಿಂದ ನಿವೃತ್ತನಾಗಿ ಜಮೀನು ಪಡೆದವನಾಗಿದ್ದರೆ ಲಂಡನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಪಿಂಚಣಿ ಕಡತದಲ್ಲಿ ಅವನ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. ರೆಜಿಮೆಂಟಿನ ನಂಬರ್ ಗಮನಿಸಿ. 73 ಅಥವಾ 74ನೇ ಹೈಲ್ಯಾಂಡ್ ರೆಜಿಮೆಂಟ್ ಆಗಿದ್ದು ವರ್ಷವೂ ಹೊಂದಿದರೆ, ಆತ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಮುತ್ತಿದ ಪಡೆಯಲ್ಲಿ ಇದ್ದಿರಬಹುದು. ಬೀಗರ ಮನೆ ಊಟದಲ್ಲಿ ಈ ವಿಷಯ ಎತ್ತುವುದೋ ಬೇಡವೋ ನಿಮಗೆ ಬಿಟ್ಟದ್ದು.

ಒಂದು ಕಡೆ ಮಾತ್ರ ಸಮಯ ಹಾಳು ಮಾಡಬೇಡಿ: ಪೌರತ್ವದ ಕಾಗದ. ಜರ್ಮನಿಯಿಂದ, ಉಕ್ರೇನ್‌ನಿಂದ ಬಂದವರಿಗೆ ಅದು ಬೇಕಿತ್ತು. ಸ್ಕಾಟ್ಲೆಂಡ್‌ನವರು ಮೊದಲೇ ಬ್ರಿಟಿಷ್ ಪ್ರಜೆಗಳು, ಅರ್ಜಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಕೆನಡಾ ಪೌರತ್ವ ಅಂತ ಬೇರೆಯಾಗಿ ಬಂದದ್ದೇ 1947ರಲ್ಲಿ.

ಹಡಗಿನ ಪಟ್ಟಿಯ ಆಸೆ

ಎಲ್ಲರೂ ಮೊದಲು ಕೇಳೋದು ಇದನ್ನೇ, ಯಾವ ಹಡಗು ಅಂತ. ಬೇಸರದ ವಿಷಯ ಏನೆಂದರೆ 1865ಕ್ಕಿಂತ ಮೊದಲು ಬಂದಿದ್ದರೆ ಪಟ್ಟಿ ಸಿಗೋದು ಬಹಳ ಕಷ್ಟ. ಕ್ವಿಬೆಕ್ ಬಂದರಿನ ಪಟ್ಟಿಗಳು ಸರಿಯಾಗಿ ಉಳಿದಿರುವುದು 1865ರಿಂದ, ಹ್ಯಾಲಿಫ್ಯಾಕ್ಸ್‌ನವು 1881ರಿಂದ. ಬ್ರಿಟನ್ ಕಡೆಯಿಂದ ಹೊರಟವರ ಪಟ್ಟಿ ಇರುವುದು 1890ರಿಂದ 1960ರ ತನಕ. ಅದಕ್ಕಿಂತ ಹಿಂದೆ ಕೆನಡಾದ ಮರದ ದಿಮ್ಮಿಗಳನ್ನು ಬ್ರಿಟನ್ನಿಗೆ ಸಾಗಿಸಿದ ಹಡಗುಗಳು ವಾಪಸ್ ಖಾಲಿ ಹೋಗಬಾರದೆಂದು ಜನರನ್ನು ತುಂಬಿಕೊಳ್ಳುತ್ತಿದ್ದವು. ಯಾರು ಬಂದರು ಎಂದು ಹೆಸರು ಬರೆದಿಡಲೇಬೇಕೆಂದು ಯಾರಿಗೂ ಅನಿಸಲಿಲ್ಲ.

1773ರಲ್ಲಿ ಸ್ಕಾಟ್ಲೆಂಡ್‌ನ ಲಾಕ್ ಬ್ರೂಮ್‌ನಿಂದ ನೋವಾ ಸ್ಕೋಷಿಯಾದ ಪಿಕ್ಟೌಗೆ ಬಂದ "ಹೆಕ್ಟರ್" ಹಡಗು ಎಲ್ಲಕ್ಕಿಂತ ಹೆಸರುವಾಸಿ. ಅದರ ಪಟ್ಟಿ ಕೂಡ ಹಡಗಿನಲ್ಲಿ ಬರೆದದ್ದಲ್ಲ. ಎಷ್ಟೋ ವರ್ಷದ ಮೇಲೆ ಅದರಲ್ಲಿ ಬಂದವರೊಬ್ಬರ ನೆನಪಿನಿಂದ ಮಾಡಿದ್ದು. ಹಾಗಾಗಿ "ನಮ್ಮವರು ಹೆಕ್ಟರ್‌ನಲ್ಲಿ ಬಂದವರು" ಎಂದು ಯಾರಾದರೂ ಅಂದರೆ ಹೂಂ ಅನ್ನಿ, ಆದರೆ ಬೇರೆ ಸಾಕ್ಷಿ ಕೇಳಿ. 1865ರ ನಂತರವೂ ಪಟ್ಟಿಯಲ್ಲಿ ಇಲ್ಲದಿದ್ದರೆ, ನ್ಯೂಯಾರ್ಕ್ ಅಥವಾ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿದು ರೈಲಿನಲ್ಲಿ ಬಂದಿರಬಹುದು. ಅಮೆರಿಕದ ಬಂದರಿನ ಪಟ್ಟಿಗಳನ್ನೂ ನೋಡಿ. ಸಿಗದಿದ್ದರೆ ಬಿಟ್ಟು ಮುಂದೆ ಹೋಗಿ. ಹಡಗಿನ ಹೆಸರಿಲ್ಲದೆ ಊರು ಸಿಗುತ್ತದೆ.

ಕೆನಡಾದ ಊರಿನಿಂದ ಸ್ಕಾಟ್ಲೆಂಡ್‌ನ ಊರಿಗೆ

ಇಷ್ಟೆಲ್ಲ ಹುಡುಕಿಯೂ ಪ್ಯಾರಿಷ್ ಸಿಗಲಿಲ್ಲ ಅನ್ನಿ. ಆಗ ಅವರು ಕೆನಡಾದಲ್ಲಿ ಎಲ್ಲಿ ನೆಲೆಸಿದರು ಎಂಬುದೇ ದಾರಿ ತೋರಿಸುತ್ತದೆ. ಇವರು ಗುಂಪು ಗುಂಪಾಗಿ ಬಂದವರು. ಹೈಲ್ಯಾಂಡ್ಸ್‌ನಲ್ಲಿ ಜಮೀನ್ದಾರರು ಕುರಿ ಸಾಕಣೆಯ ಲಾಭಕ್ಕಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದಾಗ ಒಂದೊಂದು ಕಣಿವೆಯೇ ಎದ್ದು ಬಂತು.

ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1772ರಲ್ಲಿ "ಅಲೆಕ್ಸಾಂಡರ್" ಹಡಗಿನಲ್ಲಿ ಬಂದವರು ಸೌತ್ ಯುಯಿಸ್ಟ್ ಮತ್ತು ಪಶ್ಚಿಮ ಕರಾವಳಿಯ ಕ್ಯಾಥೊಲಿಕ್ಕರು. ಅದೇ ದ್ವೀಪಕ್ಕೆ 1803ರಲ್ಲಿ ಲಾರ್ಡ್ ಸೆಲ್ಕರ್ಕ್ ಮೂರು ಹಡಗಿನಲ್ಲಿ ಸುಮಾರು 800 ಜನರನ್ನು ತಂದ, ಅವರಲ್ಲಿ ಹೆಚ್ಚಿನವರು ಸ್ಕೈ ದ್ವೀಪದವರು. ಒಂಟಾರಿಯೋದ ಗ್ಲೆನ್‌ಗ್ಯಾರಿ ಕೌಂಟಿಗೆ ಹೋದವರು ಗ್ಲೆನ್‌ಗ್ಯಾರಿ, ನಾಯ್ಡಾರ್ಟ್, ಲೊಖಾಬರ್ ಕಡೆಯವರು. ಅಲ್ಲಿ ಮೆಕ್‌ಡೊನೆಲ್, ಮೆಕ್‌ಡೊನಾಲ್ಡ್ ಹೆಸರು ಎಷ್ಟು ಜಾಸ್ತಿ ಅಂದರೆ ಅಡ್ಡಹೆಸರು ಗೊತ್ತಿಲ್ಲದೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡೋಕೆ ಆಗೋದಿಲ್ಲ. ಒಟ್ಟಾವಾದ ಪಶ್ಚಿಮಕ್ಕಿರುವ ಲ್ಯಾನಾರ್ಕ್ ಕೌಂಟಿ ಬೇರೆಯೇ ಕಥೆ. 1820 ಮತ್ತು 1821ರಲ್ಲಿ ಅಲ್ಲಿಗೆ ಬಂದವರು ಗ್ಲಾಸ್ಗೋ, ಲ್ಯಾನಾರ್ಕ್‌ಷೈರ್ ಕಡೆಯ, ಕೆಲಸ ಕಳೆದುಕೊಂಡ ನೇಕಾರರು. ವಲಸೆ ಸಂಘ ಕಟ್ಟಿಕೊಂಡು, ಸರಕಾರದ ಸಹಾಯ ಕೇಳಿ ಬಂದರು. ಆ ಗುಂಪುಗಳ ಪಟ್ಟಿಗಳು ಉಳಿದಿರುವುದು ನಿಮ್ಮ ಅದೃಷ್ಟ. ಇವರನ್ನು ಹೈಲ್ಯಾಂಡ್ಸ್‌ನಲ್ಲಿ ಹುಡುಕಿದರೆ ಸಿಗೋದೇ ಇಲ್ಲ.

ಕ್ವಿಬೆಕ್‌ನ ಈಸ್ಟರ್ನ್ ಟೌನ್‌ಶಿಪ್ಸ್‌ನಲ್ಲಿ ಸ್ಟಾರ್ನೊವೇ ಎಂಬ ಊರೇ ಇದೆ. ಅಲ್ಲಿನ ಸ್ಕಾಟಿಷ್ ಮನೆತನಗಳಿಗೆ ಮೂಲ ಸ್ಟಾರ್ನೊವೇ ಇರುವ ಸ್ಕಾಟ್ಲೆಂಡ್‌ನ ಲೂಯಿಸ್ ದ್ವೀಪವನ್ನು ಮೊದಲು ನೋಡಿ. ವಿನಿಪೆಗ್‌ನ ಕಿಲ್ಡೋನನ್ ಬಡಾವಣೆಗೆ ಆ ಹೆಸರು ಬಂದದ್ದು ಸದರ್‌ಲ್ಯಾಂಡ್‌ನ ಕಿಲ್ಡೋನನ್ ಪ್ಯಾರಿಷ್‌ನಿಂದ ಒಕ್ಕಲೆದ್ದು 1813ರ ನಂತರ ರೆಡ್ ರಿವರ್‌ಗೆ ಬಂದವರಿಂದ. 1851ರಲ್ಲಿ ಬಾರಾ, ಸೌತ್ ಯುಯಿಸ್ಟ್‌ಗಳ ಜಮೀನ್ದಾರ ಗಾರ್ಡನ್ ಆಫ್ ಕ್ಲೂನಿ 1,500ಕ್ಕೂ ಹೆಚ್ಚು ಜನರನ್ನು ಕ್ವಿಬೆಕ್‌ಗೆ ಸಾಗಹಾಕಿದ. 1923ರ ಏಪ್ರಿಲ್‌ನಲ್ಲಿ ಲೂಯಿಸ್‌ನಿಂದ "ಮೆಟಗಾಮಾ" ಹಡಗು ಸುಮಾರು 300 ಯುವಜನರನ್ನು ಹೊತ್ತು ಹೊರಟಿತು. ಇವರು ಪಟ್ಟಿಗಳ ಕಾಲದವರು, ಸುಲಭವಾಗಿ ಸಿಗುತ್ತಾರೆ.

ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಆರ್ಕ್ನಿ ದ್ವೀಪದವರು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ನೌಕರರಾಗಿ ಬಂದರು. 1799ರಲ್ಲಿ ಕಂಪನಿಯ ಅಲ್ಲಿನ ನೌಕರರಲ್ಲಿ ಸುಮಾರು ಮುಕ್ಕಾಲು ಪಾಲು ಆರ್ಕ್ನಿಯವರೇ. ವಿನಿಪೆಗ್‌ನಲ್ಲಿರುವ ಕಂಪನಿಯ ಆರ್ಕೈವ್ಸ್ ಬಹಳಷ್ಟು ನೌಕರರಿಗೆ ತಲಾ ಒಂದು ಹಾಳೆ ಮಾಡಿ ಹಾಕಿದೆ: ಪ್ಯಾರಿಷ್, ಸೇರಿದ ವರ್ಷ, ಕೆಲಸ ಮಾಡಿದ ಜಾಗಗಳು. ನೌಕರರ ಬಗ್ಗೆ ಇಷ್ಟು ನೀಟಾದ ದಾಖಲೆ ಬೇರೆಲ್ಲೂ ಸಿಗೋದು ಅಪರೂಪ. ಇವರಲ್ಲಿ ಹಲವರು ಸ್ಥಳೀಯ ಮೂಲನಿವಾಸಿ ಹೆಂಗಸರನ್ನು ಮದುವೆಯಾದರು. ಆ ಕಡೆಯ ಹಿರಿಯರನ್ನೂ ಬರೆಯಿರಿ, ವಂಶವೃಕ್ಷದ ಅರ್ಧ ಅವರದ್ದೇ ಅಲ್ವಾ.

ಈಗ ಸ್ಕಾಟ್ಲೆಂಡ್‌ಗೆ ಬನ್ನಿ

ಸ್ಕಾಟ್ಲೆಂಡ್ಸ್‌ಪೀಪಲ್ ಅಲ್ಲಿನ ಸರಕಾರಿ ತಾಣ. ಖಾತೆ ತೆರೆದು ಹೆಸರು ಹುಡುಕೋದು ಉಚಿತ, ದಾಖಲೆಯ ಚಿತ್ರ ನೋಡೋಕೆ ದುಡ್ಡು. ಅದಕ್ಕೇ ಊರು ಗೊತ್ತಿಲ್ಲದೆ ಹೋಗಬೇಡಿ ಅಂದದ್ದು, ಸುಮ್ನೆ ಒಂದೊಂದೇ ಚಿತ್ರ ತೆರೆಯುತ್ತಾ ಹೋದರೆ ಜೇಬು ಖಾಲಿ.

1855ರ ಜನವರಿ 1 ಇಲ್ಲಿ ಗಡಿ. ಅಂದಿನಿಂದ ಸರಕಾರಿ ನೋಂದಣಿ ಕಡ್ಡಾಯವಾಯಿತು, ಮತ್ತು ಅದು ಅದ್ಭುತವಾಗಿದೆ. ಸಾವಿನ ಪ್ರಮಾಣಪತ್ರದಲ್ಲಿ ಸತ್ತವರ ತಂದೆ, ತಾಯಿ ಇಬ್ಬರ ಹೆಸರು, ತಾಯಿಯ ತವರುಮನೆ ಹೆಸರಿನ ಸಮೇತ ಇರುತ್ತದೆ. 1855ರ ಒಂದು ವರ್ಷ ಮಾತ್ರ ಇನ್ನೂ ಜಾಸ್ತಿ ವಿವರ ಬರೆಸಿದರು, ಹುಟ್ಟಿನ ಪತ್ರದಲ್ಲಿ ತಂದೆ ತಾಯಿಯ ವಯಸ್ಸು, ಹುಟ್ಟೂರು, ಉಳಿದ ಮಕ್ಕಳ ಲೆಕ್ಕ ಎಲ್ಲ. ಕೆಲಸ ಹೆಚ್ಚಾಯಿತೆಂದು ಮುಂದಿನ ವರ್ಷವೇ ಕಡಿತ ಮಾಡಿದರು. ಹತ್ತಿರದ ಕಾಲದವು ಆನ್‌ಲೈನ್ ಕಾಣಿಸುವುದಿಲ್ಲ: ಹುಟ್ಟಿಗೆ 100 ವರ್ಷ, ಮದುವೆಗೆ 75, ಸಾವಿಗೆ 50.

ನಿಮ್ಮವರು 1830ರಲ್ಲೇ ಹೊರಟಿದ್ದರೆ 1855ರ ದಾಖಲೆ ಯಾಕೆ ಅಂತ ಕೇಳಬಹುದು. ಬೇಕು. ಅಲ್ಲೇ ಉಳಿದ ಅಣ್ಣನೋ ತಂಗಿಯೋ 1860ರಲ್ಲಿ 80 ವರ್ಷದವರಾಗಿ ಸತ್ತಿದ್ದರೆ, ಆ ಸಾವಿನ ಪತ್ರದಲ್ಲಿ ನಿಮ್ಮ ಮುತ್ತಜ್ಜನ ತಂದೆ ತಾಯಿ ಇಬ್ಬರೂ ಇದ್ದಾರೆ. 1770ರ ಸುಮಾರಿನ ಗಂಡ ಹೆಂಡತಿ, ಒಂದೇ ಹಾಳೆಯಲ್ಲಿ. ಹಳೆಯ ಚರ್ಚ್ ರಿಜಿಸ್ಟರ್ ಹಾಳಾಗಿರುವ ಕಡೆ ಇದೊಂದೇ ದಾರಿ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

1855ಕ್ಕಿಂತ ಹಿಂದೆ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಪ್ಯಾರಿಷ್ ರಿಜಿಸ್ಟರುಗಳು. ಅತಿ ಹಳೆಯದು ಪರ್ತ್‌ಷೈರ್‌ನ ಎರಲ್ ಎಂಬ ಊರಿನದು, 1553ರಿಂದ ಶುರು. ಆದರೆ ಹೈಲ್ಯಾಂಡ್ಸ್, ದ್ವೀಪಗಳ ಹಲವು ಪ್ಯಾರಿಷ್‌ಗಳಲ್ಲಿ 1800ರ ಆಸುಪಾಸಿನ ತನಕ ಏನೂ ಇಲ್ಲ. ದೀಕ್ಷಾಸ್ನಾನ, ಮದುವೆ ಸಿಕ್ಕೀತು, ಸಾವು ಕಡಿಮೆ. 1783ರಿಂದ 1794ರ ತನಕ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಇತ್ತು, ಬಡವರು ಬರೆಸುವುದನ್ನೇ ಬಿಟ್ಟರು. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು, ಹೈಲ್ಯಾಂಡ್ಸ್‌ನಲ್ಲಿ ಹೆಚ್ಚಿನ ಜನ ಆ ಕಡೆ ಹೋದರು. ಆ ಹನ್ನೆರಡು ವರ್ಷದ ಮಕ್ಕಳು ಹಳೆ ರಿಜಿಸ್ಟರಿನಲ್ಲಿ ಕಾಣದಿದ್ದರೆ ಅಚ್ಚರಿಯಿಲ್ಲ. ಕ್ಯಾಥೊಲಿಕ್ಕರದ್ದು ಬೇರೆ ರಿಜಿಸ್ಟರ್, ಅದೂ ಇದೇ ತಾಣದಲ್ಲಿದೆ. ಚರ್ಚಿನ ಪಂಚಾಯ್ತಿ ನಡಾವಳಿಗಳನ್ನು, ಅಂದರೆ ಕರ್ಕ್ ಸೆಷನ್ ಪುಸ್ತಕಗಳನ್ನು, ಅಲ್ಲಿ ಪುಕ್ಕಟೆ ತಿರುವಿ ಹಾಕಬಹುದು. ಹೆಸರಿನ ಸೂಚಿ ಇಲ್ಲ, ತಾಳ್ಮೆ ಬೇಕು. ಯಾರಿಗೆ ಮದುವೆಗೆ ಮುಂಚೆ ಮಗುವಾಯಿತು, ಯಾರು ಊರು ಬಿಡುವಾಗ ನಡತೆ ಪತ್ರ ಪಡೆದರು, ಎಲ್ಲ ಅದರಲ್ಲೇ.

ಸ್ಕಾಟ್ಲೆಂಡ್‌ನ ಜನಗಣತಿ 1841ರಿಂದ 1921ರ ತನಕ ನೋಡಲು ಸಿಗುತ್ತದೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 1851ರಿಂದ ಹುಟ್ಟಿದ ಪ್ಯಾರಿಷ್ ಸಿಗುತ್ತದೆ.

ಹೆಸರುಗಳ ಗೋಜಲು

ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಹಾಗೆ ಅವರಲ್ಲೂ ಇತ್ತು, ಇನ್ನೂ ಕಟ್ಟುನಿಟ್ಟಾಗಿ. ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ, ಮೂರನೆಯವನಿಗೆ ತಂದೆಯದೇ ಹೆಸರು. ಹೆಣ್ಣುಮಕ್ಕಳಲ್ಲಿ ಮೊದಲನೆಯವಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಕೆನಡಾದಲ್ಲಿ ಸಿಕ್ಕ ಮಕ್ಕಳ ಪಟ್ಟಿಯಿಂದ ಅಜ್ಜ ಅಜ್ಜಿಯರ ಹೆಸರು ಊಹಿಸಬಹುದು. ಊಹೆ ಮಾತ್ರ, ಎಲ್ಲರೂ ಪಾಲಿಸಲಿಲ್ಲ. ಅಣ್ಣತಮ್ಮಂದಿರೆಲ್ಲ ಹೀಗೇ ಮಾಡಿದ್ದರಿಂದ ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ದಾಯಾದಿಗಳು ಇರುತ್ತಾರೆ.

ಗೇಲಿಕ್ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಗುಮಾಸ್ತ ಬದಲಾದರೆ ಹೆಸರೂ ಬದಲು. ಡೊನಾಲ್ಡ್ ಮತ್ತು ಡೇನಿಯಲ್ ಒಬ್ಬನೇ ಆಗಿರಬಹುದು. ಗಿಲೆಸ್ಪಿ ಅಂದರೆ ಆರ್ಚಿಬಾಲ್ಡ್. ಜೆಸ್ಸಿ, ಜಾನೆಟ್, ಜೀನ್ ಒಬ್ಬಳೇ ಆಗಿರಬಹುದು. ಎಫ್ಫಿ ಅಂದರೆ ಯುಫೇಮಿಯಾ, ಮೊರಾಗ್ ಅನ್ನು ಸಾರಾ ಅಥವಾ ಮೇರಿಯನ್ ಎಂದು ಬರೆದಿರುತ್ತಾರೆ. ಮ್ಯಾಕ್, ಮೆಕ್, ಅಥವಾ ಆ ಭಾಗವೇ ಇಲ್ಲದೆ, ಮೂರೂ ಥರ ಹುಡುಕಿ.

ಇವನೇ ಅವನು ಅಂತ ಹೇಗೆ ಗೊತ್ತು?

ಹೊಂದುವ ದೀಕ್ಷಾಸ್ನಾನ ಸಿಕ್ಕಿತು ಅನ್ನಿ. ಖುಷಿಪಡುವ ಮುಂಚೆ ಆ ಮಗುವನ್ನು "ಸಾಯಿಸಲು" ನೋಡಿ. ಚಿಕ್ಕಂದಿನಲ್ಲೇ ತೀರಿಕೊಂಡಿತಾ? ಅದೇ ತಂದೆ ತಾಯಿ ಮುಂದೆ ಇನ್ನೊಂದು ಮಗುವಿಗೆ ಅದೇ ಹೆಸರಿಟ್ಟರಾ? ಇಟ್ಟಿದ್ದರೆ ಮೊದಲನೆಯದು ಹೋಗಿರುವ ಸಾಧ್ಯತೆ ಹೆಚ್ಚು. ದೊಡ್ಡವನಾಗಿ 1851ರಲ್ಲಿ ಅಲ್ಲೇ ಕುರಿ ಕಾಯುತ್ತಿದ್ದನಾ? ಹಾಗಿದ್ದರೆ ಆಗ ಒಂಟಾರಿಯೋದಲ್ಲಿದ್ದ ನಿಮ್ಮವನು ಅವನಲ್ಲ. ಇಷ್ಟನ್ನೂ ದಾಟಿ ಉಳಿದವನನ್ನು ಮಾತ್ರ ಬರೆದುಕೊಳ್ಳಿ, ಅದೂ ಪೆನ್ಸಿಲ್‌ನಲ್ಲಿ.

ಡಿಎನ್‌ಎ ಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಮನೆಯ ಅತಿ ಹಿರಿಯರದ್ದನ್ನೇ ಮಾಡಿಸಿ, ಮೊಮ್ಮಗುವಿನದ್ದಲ್ಲ. ಆದರೆ ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್, ಒಂಟಾರಿಯೋದ ಗ್ಲೆನ್‌ಗ್ಯಾರಿಯಂಥ ಕಡೆ ನಾಲ್ಕೈದು ತಲೆಮಾರು ಒಳಗೊಳಗೇ ಸಂಬಂಧ ಬೆಳೆಸಿದ್ದಾರೆ. ಅಲ್ಲಿನವರ ಪರೀಕ್ಷೆಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರಾಗಿ ಕಾಣುತ್ತಾರೆ. ಮೂರನೇ ತಲೆಮಾರಿನ ದಾಯಾದಿ ಎಂದು ತೋರಿಸಿದವರು ನಿಜಕ್ಕೂ ಐದನೆಯವರು, ಮೂರು ದಾರಿಯಿಂದ ಸಂಬಂಧ ಅಂತಲೂ ಆಗಬಹುದು.

ಒಂಟಿಯಾಗಿ ಬಂದ ಮಕ್ಕಳು

ಜನಗಣತಿಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗ ಬೇರೆ ಹೆಸರಿನ ರೈತನ ಮನೆಯಲ್ಲಿದ್ದು, ಹುಟ್ಟಿದ್ದು ಸ್ಕಾಟ್ಲೆಂಡ್ ಎಂದಿದ್ದರೆ ಮೇಲಿನ ಕ್ರಮ ಪೂರ್ತಿ ಕೆಲಸ ಮಾಡುವುದಿಲ್ಲ. 1869ರಿಂದ ಮುಂದಕ್ಕೆ ಬ್ರಿಟನ್ನಿನ ಸಂಸ್ಥೆಗಳು ಅನಾಥ ಮತ್ತು ಬಡ ಮಕ್ಕಳನ್ನು ಕೆನಡಾದ ಹೊಲಮನೆ ಕೆಲಸಕ್ಕೆ ಕಳಿಸಿದವು, ಒಟ್ಟು 1 ಲಕ್ಷದ ಆಸುಪಾಸು. ಸ್ಕಾಟ್ಲೆಂಡ್‌ನಿಂದ ಹೆಚ್ಚಿಗೆ ಕಳಿಸಿದ್ದು ಬ್ರಿಜ್ ಆಫ್ ವಿಯರ್‌ನ ಕ್ವಾರಿಯರ್ಸ್ ಸಂಸ್ಥೆ, ಸುಮಾರು 7,000 ಮಕ್ಕಳು. ಅವರು ಒಂಟಾರಿಯೋದ ಬ್ರಾಕ್‌ವಿಲ್‌ನ ಫೇರ್‌ನೋ ಹೋಮ್‌ಗೆ ಬಂದು ಅಲ್ಲಿಂದ ಹಂಚಿಹೋಗುತ್ತಿದ್ದರು. ಲೈಬ್ರರಿ ಅಂಡ್ ಆರ್ಕೈವ್ಸ್ ತಾಣದಲ್ಲಿ ಈ ಹೋಮ್ ಚಿಲ್ಡ್ರನ್‌ಗೆ ಪ್ರತ್ಯೇಕ ಹುಡುಕು ಪಟ್ಟಿ ಇದೆ, ಮೊದಲು ಅಲ್ಲಿ ಹಡಗು ಮತ್ತು ವರ್ಷ ತೆಗೆಯಿರಿ, ಆಮೇಲೆ ವಂಶಸ್ಥರೆಂದು ಹೇಳಿ ಕಳಿಸಿದ ಸಂಸ್ಥೆಗೇ ಪತ್ರ ಬರೆದು ಮಗುವಿನ ಕಡತ ಕೇಳಿ. ಮಗುವನ್ನು ಯಾರು, ಯಾಕೆ ಒಪ್ಪಿಸಿದರು ಎಂಬುದು ಆ ಕಡತದಲ್ಲಿ ಇರಬಹುದು. ಮನೆಯ ಹಿರಿಯರ ಎದುರು ಅದನ್ನು ಓದುವ ಮುಂಚೆ ನೀವು ಒಬ್ಬರೇ ಒಮ್ಮೆ ಓದಿಕೊಳ್ಳಿ.